‘ಹುಡುಗನನ್ನು ಹಿಡಿಯುವುದು ಹೇಗೆ ಅಂತ ಕಲಿಸುವವರು ಬೇಕು’

ಪ್ರಶ್ನೆ: ನಾನು ದಾವಣಗೆರೆ ಹತ್ತಿರದ ಒಂದು ವಿಶೇಷ ಶಾಲೆಯಲ್ಲಿ ಆರು ವರ್ಷದಿಂದ ಟೀಚರ್. ಹಾಸ್ಟೆಲ್ ಕೂಡ ಇದೆ. ನಮ್ಮಲ್ಲಿ 14 ವರ್ಷದ ಒಬ್ಬ ಹುಡುಗ ಇದ್ದಾನೆ. ಆಟಿಸಂ, ಜೊತೆಗೆ ಬುದ್ಧಿಮಾಂದ್ಯತೆ. ಮಾತು ನಾಲ್ಕೈದು ಪದ ಅಷ್ಟೇ. ಮೂರು ತಿಂಗಳಿಂದ ಇದ್ದಕ್ಕಿದ್ದಂತೆ ಹೊಡೆಯುತ್ತಾನೆ, ಕಚ್ಚುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಹೋದ ವಾರ ಒಬ್ಬ ಆಯಾ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದ. ಇಬ್ಬರು ಸೇರಿ ಅವನನ್ನು ಚಾಪೆ ಮೇಲೆ ಬೋರಲು ಮಲಗಿಸಿ, ಇನ್ನೊಬ್ಬರು ಕಾಲಿನ ಮೇಲೆ ಕೂತು, ಇಪ್ಪತ್ತು ನಿಮಿಷ ಹಿಡಿದುಕೊಂಡೆವು. ಆ ಆಯಾ ಈಗ ಕೆಲಸಕ್ಕೇ ಬರಲ್ಲ ಅನ್ನುತ್ತಿದ್ದಾರೆ. ಮ್ಯಾನೇಜ್‌ಮೆಂಟ್‌ನವರು ಬೆಂಗಳೂರಿನಿಂದ ಯಾರನ್ನಾದರೂ ಕರೆಸಿ ಟೀಚರುಗಳಿಗೆ ಒಂದು ದಿನ ಹಿಡಿಯುವ ಟೆಕ್ನಿಕ್ ಕಲಿಸೋಣ ಅಂತಿದ್ದಾರೆ. ಅಡುಗೆಯವರು ‘ಎರಡು ಬಿಗಿದರೆ ಸರಿಹೋಗ್ತಾನೆ’ ಅಂತಾರೆ. ಅವನ ತಾಯಿ ‘ಮನೇಲಿ ಹಿಂಗೆಲ್ಲ ಮಾಡಲ್ಲ’ ಅಂತಾರೆ. ಒಂದು ದಿನದ ತರಬೇತಿ ಸಾಕಾ ಮೇಡಂ? ಹಿಡಿಯುವುದು ತಪ್ಪಾ? ಡಾಕ್ಟರಿಗೆ ಹೇಳಿ ಮಾತ್ರೆ ಜಾಸ್ತಿ ಮಾಡಿಸಬೇಕಾ?

ಉತ್ತರ: ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ, ಒಂದನ್ನು ಮಾತ್ರ ಇವತ್ತೇ ಮಾಡಿ. ಬೋರಲು ಮಲಗಿಸಿ ಹಿಡಿಯುವುದನ್ನು ನಿಲ್ಲಿಸಿ. ಆಯಾಗಳಿಗೆ, ಅಡುಗೆಯವರಿಗೆ, ವಾಚ್‌ಮನ್‌ಗೆ, ಎಲ್ಲರಿಗೂ ಹೇಳಿ.

ಎದೆ, ಹೊಟ್ಟೆ ನೆಲಕ್ಕೆ ಒತ್ತಿಕೊಂಡಾಗ ಸರಿಯಾಗಿ ಉಸಿರು ಎಳೆಯಲು ಆಗುವುದಿಲ್ಲ. ಆಗಲೇ ಒದ್ದಾಡಿ ಏದುಸಿರು ಬಿಡುತ್ತಿರುವ ಹುಡುಗನಿಗೆ ಮಾಮೂಲಿಗಿಂತ ಜಾಸ್ತಿ ಗಾಳಿ ಬೇಕು. ಬೆನ್ನ ಮೇಲೆ ಯಾರದ್ದಾದರೂ ಮೊಣಕಾಲು ಬಿತ್ತೋ, ಇರುವುದೂ ಹೋಯಿತು. ಉಸಿರಿಗಾಗಿ ಅವನು ಕೊಸರಾಡುತ್ತಾನೆ. ನಾವು ‘ಇನ್ನೂ ಜೋರು ಮಾಡ್ತಿದಾನೆ’ ಅಂದುಕೊಂಡು ಇನ್ನಷ್ಟು ಅದುಮುತ್ತೇವೆ. ‘ಕಿರುಚ್ತಿದಾನಲ್ಲ, ಅಂದ್ರೆ ಉಸಿರಾಡ್ತಿದಾನೆ ಬಿಡಿ’ ಅನ್ನುವ ಮಾತನ್ನು ನಂಬಬೇಡಿ. ಕಿರುಚುತ್ತಲೇ ಇದ್ದವರು ತಣ್ಣಗಾದಾಗ ‘ಸಮಾಧಾನ ಆದ’ ಅಂದುಕೊಂಡು, ಆಮೇಲೆ ನೋಡಿದರೆ ಜೀವವೇ ಹೋಗಿದ್ದ ಪ್ರಕರಣಗಳು ಬೇರೆ ದೇಶಗಳಲ್ಲಿ ಆಗಿವೆ. ಅದೂ ತರಬೇತಿ ಪಡೆದವರ ಕೈಯಲ್ಲೇ.

ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ರಕ್ತ ಸುರಿಯುವ ಹೊತ್ತಲ್ಲಿ ಏನು ತೋಚಿತೋ ಅದನ್ನು ಮಾಡಿದಿರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಹಿಡಿದಿದ್ದೇನೆ. ಬೇರೆ ದಾರಿ ಇದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ನೀವು ಕೇಳಿರುವುದು ತರಬೇತಿಯ ಬಗ್ಗೆ. ಆದರೆ ನನಗೆ ಕಂಡದ್ದು ಭಯ. ಮತ್ತೆ ಹಿಂಗಾದರೆ ಏನು ಗತಿ, ಹುಡುಗನಿಗೆ ಏನಾದರೂ ಆದರೆ ಯಾರ ತಲೆಗೆ ಬರುತ್ತದೆ, ಆಯಾ ಬಿಟ್ಟುಹೋದರೆ ರಾತ್ರಿ ಹಾಸ್ಟೆಲ್ ನೋಡುವವರು ಯಾರು. ಈ ಭಯ ಸುಳ್ಳಲ್ಲ. ಆದರೆ ಹಿಡಿಯುವ ಪಟ್ಟು ಕಲಿತರೆ ಇದು ಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ‘ಇದ್ದಕ್ಕಿದ್ದಂತೆ’ ಅಂತ ಒಂದು ಪದ ಇದೆ. ಚಳ್ಳಕೆರೆಯಿಂದ ಚನ್ನಗಿರಿವರೆಗೆ ಯಾವ ಶಾಲೆಗೆ ಹೋದರೂ ನನಗೆ ಮೊದಲು ಸಿಗುವುದು ಇದೇ ಪದ. ಇದರ ತಮ್ಮ ಒಬ್ಬ ಇದ್ದಾನೆ, ‘ಅಮಾವಾಸ್ಯೆ ಹತ್ರ ಬಂದಾಗ ಜಾಸ್ತಿ’ ಅಂತ. ಹಾಗಿದ್ದರೆ ತಾರೀಕು, ಹೊತ್ತು ಬರೆದಿಡಿ ಅನ್ನುತ್ತೇನೆ. ಎರಡು ವಾರ ಬರೆದರೆ ಅಮಾವಾಸ್ಯೆಯೂ ಹೋಗುತ್ತದೆ, ಇದ್ದಕ್ಕಿದ್ದಂತೆಯೂ ಹೋಗುತ್ತದೆ. ಊಟಕ್ಕೆ ಮುಂಚೆ, ವ್ಯಾನ್ ಇಳಿದ ಮೇಲೆ, ಸ್ನಾನದ ಹೊತ್ತು, ಹೀಗೆ ಏನೋ ಒಂದು ಸಾಲು ಕಾಣತೊಡಗುತ್ತದೆ.

ಹಿರಿಯೂರು ಕಡೆ ಒಂದು ಹಾಸ್ಟೆಲಿನಲ್ಲಿ ಹನ್ನೊಂದು ವರ್ಷದ ಹುಡುಗಿ. ದಿನಾ ಬೆಳಿಗ್ಗೆ ಸ್ನಾನ ಆದ ಮೇಲೆ ಯಾರು ಪಕ್ಕ ಸಿಕ್ಕರೂ ಕೂದಲು ಹಿಡಿದು ಎಳೆಯುತ್ತಿದ್ದಳು. ಟೀಚರುಗಳ ಪುಸ್ತಕದಲ್ಲಿ ‘ಗಮನ ಸೆಳೆಯಲು’ ಅಂತ ಬರೆದಿತ್ತು. ಎರಡು ದಿನ ಕೂತು ನೋಡಿದರೂ ನನಗೂ ಏನೂ ಹೊಳೆಯಲಿಲ್ಲ. ಮೂರನೇ ದಿನ ಬಚ್ಚಲಮನೆ ಹೊರಗೆ ಹಂಡೆ ಪಕ್ಕ ನಿಂತಿದ್ದೆ. ಮಕ್ಕಳಿಗೆ ನೀರು ಹಾಕುವ ಅಜ್ಜಿ ತಾನಾಗೇ ಹೇಳಿದರು: ‘ಈ ಕಡಿ ಕಿವಿಗೆ ನೀರು ತಾಗಂಗಿಲ್ಲ ಮೇಡಂ, ಕೈ ಹಿಡ್ಕಂತಾಳೆ. ದಿಂಬೂ ವಾಸ್ನಿ ಬರ್ತತಿ.’ ಯಾವಾಗಿಂದ ಅಂತ ಕೇಳಿದೆ. ‘ದೀಪಾವಳಿಗಿಂತ ಮುಂಚಿಂದ.’ ಯಾರಿಗೂ ಹೇಳಲಿಲ್ವಾ ಅಜ್ಜಿ? ‘ನನ್ನ ಯಾರ್ ಕೇಳ್ತಾರೆ?’

ಕಿವಿ ಡಾಕ್ಟರಿಗೆ ತೋರಿಸಿದರೆ ಒಳಗೆ ಸೋರುತ್ತಿತ್ತು. ಔಷಧಿ ಹಾಕಿ ಎರಡು ವಾರದಲ್ಲಿ ಮುಕ್ಕಾಲು ಪಾಲು ಕಡಿಮೆ ಆಯಿತು. ಉಳಿದ ಕಾಲು ಪಾಲು ಅಭ್ಯಾಸ ಆಗಿಬಿಟ್ಟಿತ್ತು, ಅದಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು.

ಆ ಅಜ್ಜಿಯನ್ನು ಅಲ್ಲಿವರೆಗೆ ಒಂದೇ ಒಂದು ತರಬೇತಿಗೆ, ಒಂದೇ ಒಂದು ಮೀಟಿಂಗಿಗೆ ಕರೆದಿರಲಿಲ್ಲ. ನಿಮ್ಮ ಮ್ಯಾನೇಜ್‌ಮೆಂಟ್‌ನವರು ‘ಟೀಚರುಗಳಿಗೆ’ ಅಂದಿದ್ದು ಓದಿದ ತಕ್ಷಣ ನನಗೆ ಅವರು ನೆನಪಾದರು. ಇದಕ್ಕೆ ಒಂದು ಕಾರಣವೂ ಇದೆ. ವಿಶೇಷ ಶಿಕ್ಷಕರಾದ ನಮಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನವೀಕರಿಸಲು ತರಬೇತಿಯ ಅಂಕ ಬೇಕು, ಹಾಗಾಗಿ ನಾವು ಹೋಗುತ್ತೇವೆ. ಆಯಾಗಳಿಗೆ ಅಂಕ ಬೇಡ, ಹಾಗಾಗಿ ಅವರು ಹಾಸ್ಟೆಲಿನಲ್ಲೇ ಉಳಿಯುತ್ತಾರೆ. ಕಚ್ಚಿಸಿಕೊಳ್ಳುವುದು ಮಾತ್ರ ಅವರು. ನಿಮ್ಮಲ್ಲೂ ಕಚ್ಚಿಸಿಕೊಂಡದ್ದು ಆಯಾ ತಾನೇ?

ಹಾಗಾಗಿ ತರಬೇತಿಗಿಂತ ಮೊದಲು ಹುಡುಗನ ಮೈ ನೋಡಿಸಿ. ಹಲ್ಲು, ಕಿವಿ, ಹೊಟ್ಟೆ. ಮಲ ಕಟ್ಟಿಕೊಂಡು ನಾಲ್ಕು ದಿನ ಆಗಿದ್ದರೂ ಮಾತು ಬಾರದ ಹುಡುಗ ಹೇಳಲಾರ. ರಾತ್ರಿ ನಿದ್ದೆ ಹೇಗಿದೆ, ಫಿಟ್ಸ್ ಏನಾದರೂ ಇದೆಯಾ ಕೇಳಿ. ಹದಿನಾಲ್ಕು ಅಂದರೆ ಮೈ ಬದಲಾಗುವ ವಯಸ್ಸು ಕೂಡ. ಜೊತೆಗೆ ಮೂರು ತಿಂಗಳ ಹಿಂದೆ ಏನು ಬದಲಾಯಿತು ಅಂತ ಎಲ್ಲರೂ ಕೂತು ಯೋಚಿಸಿ. ಹಾಸಿಗೆ ಜಾಗ? ಹೊಸ ಆಯಾ? ಪಕ್ಕದಲ್ಲಿ ಮಲಗುತ್ತಿದ್ದ ಹುಡುಗ ಊರಿಗೆ ಹೋದನಾ? ಕ್ಲಾಸನ್ನು ಅಡುಗೆಮನೆ ಪಕ್ಕಕ್ಕೆ ತಂದಿರಾ? ಕುಕ್ಕರ್ ಸೀಟಿ ನಮಗೆ ಊಟದ ಸದ್ದು. ಕೆಲವು ಮಕ್ಕಳಿಗೆ ಅದು ತಲೆಗೆ ಮೊಳೆ ಹೊಡೆದ ಹಾಗೆ.

ತಾಯಿ ‘ಮನೇಲಿ ಮಾಡಲ್ಲ’ ಅಂದರೆ ಅದು ಸುಳ್ಳೂ ಅಲ್ಲ, ಹುಡುಗ ನಾಟಕ ಮಾಡುತ್ತಿದ್ದಾನೆ ಅಂತಲೂ ಅಲ್ಲ. ಮನೆಯಲ್ಲಿ ಮೂವತ್ತು ಮಕ್ಕಳ ಗಲಾಟೆ ಇಲ್ಲ. ಮುಕ್ಕಾಲು ಗಂಟೆ ಕೂತು ಮಣಿ ಪೋಣಿಸು ಅಂತ ಯಾರೂ ಹೇಳುವುದಿಲ್ಲ. ಅವನ ಮುಖ ಬಿಗಿದುಕೊಂಡರೆ ಅಮ್ಮ ಒಂದು ಬಟ್ಟಲು ಮಂಡಕ್ಕಿ ಕೊಟ್ಟು ಹಿತ್ತಲಿಗೆ ಕಳಿಸುತ್ತಾರೇನೋ. ಜಗಳಕ್ಕೆ ಕೇಳಿದ ಹಾಗೆ ಕೇಳಬೇಡಿ. ‘ಅವನಿಗೆ ಸಿಟ್ಟು ಬರೋ ಮುಂಚೆ ನಿಮಗೆ ಹೆಂಗೆ ಗೊತ್ತಾಗುತ್ತೆ? ಆಗ ನೀವು ಏನ್ ಮಾಡ್ತೀರಿ?’ ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

‘ಎರಡು ಬಿಗಿದರೆ’ ಅನ್ನುವ ವಿಷಯ. ಹೊಡೆದ ಕೂಡಲೇ ಅವನು ಆ ಕ್ಷಣಕ್ಕೆ ನಿಲ್ಲಿಸಿದರೂ ನಿಲ್ಲಿಸಬಹುದು. ಅದಕ್ಕೇ ಹೊಡೆದವರಿಗೆ ಇದು ಕೆಲಸ ಮಾಡುತ್ತದೆ ಅನ್ನಿಸುತ್ತದೆ. ನಾನು ಕಂಡಂತೆ ಆಮೇಲೆ ಆಗುವುದು ಇಷ್ಟು: ಹೊಡೆಯುವವರ ಮುಂದೆ ಸುಮ್ನೆ ಇರುತ್ತಾನೆ, ಅವರು ಇಲ್ಲದಾಗ ಎಲ್ಲರಿಗಿಂತ ಸಣ್ಣ ಮಗುವಿನ ಮೇಲೋ ಹೊಸದಾಗಿ ಬಂದ ಆಯಾ ಮೇಲೋ ಬೀಳುತ್ತಾನೆ. ಕಾನೂನಿನ ಮಾತು ಬೇರೆಯೇ ಇದೆ.

ಹೊಡೆಯುವುದು, ಕಚ್ಚುವುದು ಅವನಿಗೆ ಏನೋ ಒಂದು ಕೆಲಸ ಮಾಡಿಕೊಡುತ್ತಿದೆ. ಬೇಡದ ಕೆಲಸದಿಂದ ಬಿಡಿಸುತ್ತದೆ, ಬೇಕಾದ ವಸ್ತು ಕೊಡಿಸುತ್ತದೆ, ಯಾರನ್ನೋ ಹತ್ತಿರ ಕರೆಸುತ್ತದೆ, ಇಲ್ಲವೇ ಮೈಗೆ ಏನೋ ನಿರಾಳ ಕೊಡುತ್ತದೆ. 1985ರಲ್ಲಿ ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಸರಳ ವಿಷಯ ತೋರಿಸಿಕೊಟ್ಟರು. ಅದೇ ಕೆಲಸವನ್ನು ಮಾಡಿಕೊಡುವ ಒಂದು ಮಾತನ್ನೋ ಸನ್ನೆಯನ್ನೋ ಮಗುವಿಗೆ ಕಲಿಸಿದರೆ ಹೊಡೆದಾಟ ಇಳಿಯುತ್ತದೆ. ನಿಮ್ಮ ಹುಡುಗ ಕೆಲಸ ತಪ್ಪಿಸಿಕೊಳ್ಳಲು ಹೊಡೆಯುತ್ತಿದ್ದರೆ ‘ಸಾಕು’ ಅನ್ನುವ ಒಂದು ಚಿತ್ರದ ಕಾರ್ಡ್ ಕೊಡಿ. ಕಾರ್ಡ್ ತೋರಿಸಿದ ತಕ್ಷಣ, ಪ್ರತಿ ಸಲವೂ, ಎರಡು ನಿಮಿಷ ಬಿಡುವು. ಮೊದಲ ವಾರ ದಿನಕ್ಕೆ ಐವತ್ತು ಸಲ ತೋರಿಸುತ್ತಾನೆ. ಟೀಚರುಗಳಿಗೆ ತಲೆ ಕೆಡುತ್ತದೆ, ‘ಮೇಡಂ, ಇವನು ಕಲಿಯೋದು ಯಾವಾಗ?’ ಅಂತಾರೆ. ಕೊಡಿ. ಕಾರ್ಡ್ ನಂಬಬಹುದು ಅಂತ ಗೊತ್ತಾದ ಮೇಲೆ ‘ಇನ್ನೊಂದು ಮಣಿ, ಆಮೇಲೆ ಸಾಕು’ ಅಂತ ಸ್ವಲ್ಪ ಸ್ವಲ್ಪ ಎಳೆಯಬಹುದು. ಒಂದು ಎಚ್ಚರಿಕೆ: ಹೊಡೆದರೆ ಸಿಗುತ್ತಿದ್ದದ್ದು ಇನ್ನು ಸಿಗುವುದಿಲ್ಲ ಅಂತಾದಾಗ ಕೆಲವು ದಿನ ಹೊಡೆತ ಇಳಿಯುವ ಮೊದಲು ಏರಬಹುದು. ಇದು ಮೊದಲೇ ಗೊತ್ತಿಲ್ಲದವರು ನಾಲ್ಕನೇ ದಿನ ‘ಇದೆಲ್ಲ ಆಗಲ್ಲ’ ಅಂತ ಕೈಬಿಡುತ್ತಾರೆ. ಆಗ ಅವನು ಕಲಿಯುವುದು ಇನ್ನೂ ಜೋರಾಗಿ ಹೊಡೆಯಬೇಕು ಅಂತ.

ಈಗ ತರಬೇತಿ. ಬೆಂಗಳೂರಿನವರ ಒಂದು ದಿನದ ಕಾರ್ಯಕ್ರಮ ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಏನು ಸಿಗುತ್ತದೆ ಅಂತ ಗೊತ್ತಿರಲಿ. ಪವರ್‌ಪಾಯಿಂಟ್, ಊಟ, ಗ್ರೂಪ್ ಫೋಟೋ, ಸರ್ಟಿಫಿಕೇಟ್. ನಾನೂ ಇಂಥ ತರಬೇತಿ ಕೊಟ್ಟಿದ್ದೇನೆ, ಆರು ತಿಂಗಳ ನಂತರ ಹೋಗಿ ನೋಡಿದರೆ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಆಗಿತ್ತು, ಹಿಡಿಯುವ ರೀತಿ ಅದೇ ಇತ್ತು. ಅದರಲ್ಲೂ ಹಿಡಿಯುವುದನ್ನೇ ಕಲಿಸುವ ತರಬೇತಿ ಇನ್ನೂ ಅಪಾಯ. ಮುಂಚೆ ಹೆದರಿ ದೂರ ನಿಲ್ಲುತ್ತಿದ್ದವರೂ ಈಗ ಧೈರ್ಯವಾಗಿ ಮುಂದೆ ಬರುತ್ತಾರೆ, ಮಾತಲ್ಲಿ ಮುಗಿಯುವುದನ್ನೂ ಕೈಯಲ್ಲಿ ಮುಗಿಸುತ್ತಾರೆ. ಬರುವವರಿಗೆ ಫೋನಿನಲ್ಲೇ ಕೇಳಿ: ದಿನದಲ್ಲಿ ಎಷ್ಟು ಹೊತ್ತು ಹಿಡಿಯುವುದು, ಎಷ್ಟು ಹೊತ್ತು ತಡೆಯುವುದು? ಆಯಾಗಳಿಗೆ ಕನ್ನಡದಲ್ಲಿ ಹೇಳಿಕೊಡುತ್ತೀರಾ? ಎರಡು ತಿಂಗಳ ಮೇಲೆ ಮತ್ತೆ ಬರುತ್ತೀರಾ? ‘ಬೋರಲು ಮಲಗಿಸುವುದನ್ನು ಸೇಫಾಗಿ ಹೇಳಿಕೊಡ್ತೀವಿ’ ಅಂದರೆ ಫೋನ್ ಇಟ್ಟುಬಿಡಿ.

ಇನ್ನೊಂದು ದಾರಿ, ಒಬ್ಬ ಟೀಚರ್, ಒಬ್ಬ ಆಯಾ, ಇಬ್ಬರನ್ನು ಚೆನ್ನಾಗಿ ತಯಾರು ಮಾಡುವುದು. ಅವರು ಉಳಿದವರಿಗೆ ಕಲಿಸುತ್ತಾರೆ. ಇದರ ಕಷ್ಟ ನಿಮಗೆ ಗೊತ್ತೇ ಇದೆ: ಕಲಿತವರು ಸಂಬಳ ಜಾಸ್ತಿ ಇರುವ ಕಡೆ ಹೊರಟುಬಿಡುತ್ತಾರೆ.

ನನ್ನನ್ನು ಕೇಳಿದರೆ ನಿಮ್ಮಲ್ಲೇ ಬಂದು, ನಿಮ್ಮ ಹುಡುಗನನ್ನೇ ನೋಡಿ, ಸ್ವಲ್ಪ ಸ್ವಲ್ಪ ಕಲಿಸುವವರನ್ನು ಹುಡುಕಿ. ದಾವಣಗೆರೆಯಲ್ಲೇ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ, ಎಲ್ಲರೂ ಸಿಆರ್‌ಸಿ ಅನ್ನುತ್ತಾರೆ, ಬುದ್ಧಿಮಾಂದ್ಯತೆ ಇರುವವರಿಗಾಗಿ ಕೆಲಸ ಮಾಡುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿ ಅಡಿ ನಡೆಯುತ್ತದೆ. ಬೆಂಗಳೂರಿಗೆ ಫೋನ್ ಮಾಡುವ ಮುಂಚೆ ಅಲ್ಲಿ ಹೋಗಿ ಕೇಳಿ. ವಾರಕ್ಕೆ ಇಪ್ಪತ್ತು ನಿಮಿಷ ಸಾಕು. ಹೇಳುವುದು, ಮಾಡಿ ತೋರಿಸುವುದು, ಅವರ ಕೈಯಲ್ಲಿ ಮಾಡಿಸುವುದು, ತಪ್ಪಿದ್ದನ್ನು ಅಲ್ಲೇ ತಿದ್ದುವುದು. ಕೊನೆಯ ಎರಡು ಇಲ್ಲದಿದ್ದರೆ ಮೊದಲ ಎರಡು ವ್ಯರ್ಥ.

ಹೊಳಲ್ಕೆರೆ ಹತ್ತಿರದ ಶಾಲೆಯೊಂದರಲ್ಲಿ ಹೀಗೆ ಮಾಡಿಸುವಾಗ ವಾಚ್‌ಮನ್‌ಗೆ ಹುಡುಗನ ಪಾತ್ರ ಕೊಟ್ಟೆ. ಎದ್ದು ಕುರ್ಚಿ ತಳ್ಳಿ ನಿಲ್ಲಬೇಕು, ಅಷ್ಟೇ. ಅವರು ನಿಂತ ತಕ್ಷಣ ಮೂರು ಕಡೆಯಿಂದ ಮೂರು ಜನ ಬಂದರು. ‘ಏಯ್ ಕೂತ್ಕೋ!’ ‘ಬಿಡೋ ಅದನ್ನ!’ ‘ಅಮ್ಮಂಗೆ ಫೋನ್ ಮಾಡ್ತೀನಿ ನೋಡು!’ ‘ಚಾಕ್ಲೇಟ್ ಕೊಡ್ತೀನಿ ಬಾ.’ ಹತ್ತು ಸೆಕೆಂಡಿನಲ್ಲಿ ನಾಲ್ಕು ಮಾತು. ವಾಚ್‌ಮನ್ ಹಿಂದೆ ಹಿಂದೆ ಹೋಗಿ ಗೋಡೆಗೆ ತಾಗಿ ನಿಂತರು. ಆಟ ನಿಲ್ಲಿಸಿ ಹೇಗನ್ನಿಸಿತು ಅಂತ ಕೇಳಿದೆ. ಐವತ್ತು ದಾಟಿದ ಮನುಷ್ಯ, ನಾಚಿಕೊಂಡು ಹೇಳಿದರು: ‘ಸುಮ್ನೆ ಆಟಕ್ಕೆ ಅಂತ ಗೊತ್ತಿದ್ರೂ, ಒಬ್ರಿಗೆ ಬಾರಿಸಿ ಓಡಿಹೋಗ್ಬೇಕು ಅನ್ನಿಸ್ತು ಮೇಡಂ.’ ನಾನು ಎರಡು ಗಂಟೆ ಪಾಠ ಮಾಡಿದ್ದರೂ ಅವತ್ತು ಆಯಾಗಳಿಗೆ ಇಷ್ಟು ನಾಟುತ್ತಿರಲಿಲ್ಲ.

ನಿಮ್ಮವರಿಗೆ ಮೊದಲು ಕಲಿಸಬೇಕಾದದ್ದು ಇದೇ. ಒಬ್ಬರೇ ಮಾತಾಡಬೇಕು. ಅವನಿಗೆ ಯಾರು ಇಷ್ಟವೋ ಅವರು. ಮಾತು ಎರಡು ಪದ: ‘ಸಾಕು ಬಿಡು’, ‘ಹೊರಗೆ ಬಾ’. ಹೇಳಿ ಹತ್ತು ಎಣಿಸಿ. ಅವನಿಗೆ ಮಾತು ತಲೆಗೆ ಹೋಗಲು ಹೊತ್ತು ಬೇಕು, ಸಿಟ್ಟಿನಲ್ಲಿ ಇನ್ನೂ ಜಾಸ್ತಿ ಬೇಕು. ಎದುರಿಗೆ ನೇರ ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ, ಎರಡು ಕೈ ದೂರದಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಉಳಿದವರ ಕೆಲಸ ಬೇರೆ ಮಕ್ಕಳನ್ನು ಆಚೆ ಕರೆದುಕೊಂಡು ಹೋಗುವುದು. ಬರದ ಅಮ್ಮನನ್ನು ‘ಬರ್ತಾಳೆ’ ಅನ್ನಬೇಡಿ, ಮುಂದಿನ ಸಲ ನಿಮ್ಮ ಯಾವ ಮಾತನ್ನೂ ಅವನು ನಂಬುವುದಿಲ್ಲ.

ಇನ್ನು ಸಣ್ಣ ಸಂಗತಿಗಳು. ಜಡೆ ಬೇಡ, ತುರುಬು ಕಟ್ಟಿ. ವೇಲ್‌ಗೆ ಗಂಟು ಹಾಕಬೇಡಿ, ಕರಿಮಣಿ ಸರ ಒಳಗಿರಲಿ, ಗಾಜಿನ ಬಳೆ ಡ್ಯೂಟಿಯಲ್ಲಿ ಬೇಡ. ಕಚ್ಚಿದಾಗ ಕೈ ಹಿಂದಕ್ಕೆ ಎಳೆದರೆ ಮಾಂಸ ಹರಿಯುತ್ತದೆ. ಎಳೆಯದೆ, ಮೆಲ್ಲಗೆ ಅವನ ಬಾಯಿಯ ಕಡೆಗೇ ಒತ್ತಿದರೆ ಹಲ್ಲಿನ ಹಿಡಿತ ಸಡಿಲ ಆಗುತ್ತದೆ. ಮೂಗು ಹಿಡಿಯುವುದು, ದವಡೆ ಒತ್ತುವುದು ಬೇಡ. ಕೂದಲು ಹಿಡಿದರೆ ಅವನ ಮುಷ್ಟಿಯನ್ನು ನಿಮ್ಮ ತಲೆಗೇ ಒತ್ತಿ ಹಿಡಿದುಕೊಂಡು ಕಾಯಿರಿ, ಎಳೆತ ತಪ್ಪುತ್ತದೆ. ಇದನ್ನು ಓದಿ ಬರುವುದಿಲ್ಲ, ಗೊತ್ತಿರುವವರ ಮುಂದೆ ಮಾಡಿ ಕಲಿಯಬೇಕು. ಚರ್ಮ ಹರಿದಿದ್ದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಿ, ಮನುಷ್ಯರ ಕಡಿತ ಬೇಗ ಕೀವಾಗುತ್ತದೆ.

ಹಾಗಾದರೆ ಹಿಡಿಯಲೇಬಾರದಾ? ಅವನು ಹೆದ್ದಾರಿ ಕಡೆ ಓಡುತ್ತಿದ್ದರೆ ಹಿಡಿಯಲೇಬೇಕು. ಕಿಟಕಿ ಗಾಜಿಗೆ ತಲೆ ಹೊಡೆಯುತ್ತಿದ್ದರೂ ಅಷ್ಟೇ, ಗೋಡೆಯಾದರೆ ನಡುವೆ ದಿಂಬು ಹಿಡಿದರೆ ಎಷ್ಟೋ ಸಲ ಸಾಕಾಗುತ್ತದೆ. ಹಿಡಿದಾಗ ನಿಂತೋ ಕೂತೋ ಇರಲಿ, ನೆಲಕ್ಕೆ ಬೇಡ. ಎದೆ, ಕತ್ತು, ಬೆನ್ನು ಮುಟ್ಟಬೇಡಿ. ಒಬ್ಬರು ಹಿಡಿಯದೆ ಬರೀ ಅವನ ಮುಖ, ಉಸಿರು ನೋಡುತ್ತಿರಬೇಕು, ಅವರು ‘ಬಿಡಿ’ ಅಂದರೆ ಬಿಡಬೇಕು, ಪ್ರಿನ್ಸಿಪಾಲರೇ ಹಿಡಿದಿದ್ದರೂ. ಅಪಾಯ ಕಳೆದ ಕ್ಷಣ ಕೈ ತೆಗೆಯಿರಿ. ಇಪ್ಪತ್ತು ನಿಮಿಷ ಅನ್ನುವುದು ಅಪಾಯ ತಪ್ಪಿಸುವ ಲೆಕ್ಕ ಅಲ್ಲ, ಸೋಲಿಸುವ ಲೆಕ್ಕ.

ಕಾನೂನು ಇಲ್ಲಿ ಸ್ಪಷ್ಟ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಕಲಂ ಪ್ರಕಾರ ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಬೇಕಾದಷ್ಟೇ ಹೊತ್ತು ಹಿಡಿದಿಡಬಹುದು. ಶಿಕ್ಷೆಗಾಗಿ ಅಲ್ಲ, ಜನ ಕಡಿಮೆ ಇದ್ದಾರೆ ಅಂತಲೂ ಅಲ್ಲ. ಒಂಟಿಯಾಗಿ ಕೂಡಿ ಹಾಕುವ ಹಾಗಿಲ್ಲ. ಸರಪಳಿಗಂತೂ ಪೂರ್ತಿ ನಿಷೇಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಸತ್ತರು, ಓಡಲು ಆಗಲಿಲ್ಲ. ಊಟ ಬಡಿಸುವ ತನಕ ಅಂತ ಮಗುವನ್ನು ವೇಲಿನಲ್ಲಿ ಕಿಟಕಿ ಸರಳಿಗೆ ಕಟ್ಟಿದ್ದನ್ನು ನಾನು ನೋಡಿದ್ದೇನೆ, ನನಗೆ ಆಗ ನೆನಪಾಗಿದ್ದು ಇದೇ. ಬುದ್ಧಿಮಾಂದ್ಯತೆಯೊಂದನ್ನೇ ಆ ಕಾಯ್ದೆ ಮಾನಸಿಕ ಕಾಯಿಲೆ ಅನ್ನುವುದಿಲ್ಲ, ಹಾಗಾಗಿ ನಿಮ್ಮ ಶಾಲೆ ನೇರವಾಗಿ ಅದರ ಅಡಿ ಬರದೇ ಇರಬಹುದು. ಆದರೂ ಅಳತೆಗೋಲು ಅದೇ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತ್ರ ನಿಮಗೆ ಖಂಡಿತ ಅನ್ವಯ, ಕ್ರೂರ, ಅಮಾನವೀಯ ನಡವಳಿಕೆಯಿಂದ ರಕ್ಷಣೆ ಅದರಲ್ಲಿದೆ. ಹಿಡಿದ ಪ್ರತಿ ಸಲ ಎಷ್ಟು ಹೊತ್ತು, ಯಾರು, ಯಾಕೆ ಅಂತ ಬರೆಯಿರಿ, ಅವತ್ತೇ ತಾಯಿಗೆ ಹೇಳಿ. ಹೋದ ವಾರದ್ದನ್ನೂ ಹೇಳಿ. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನಿಮ್ಮಿಂದ ಕೇಳಲಿ.

ಮಾತ್ರೆ ಬಗ್ಗೆ. ಆಟಿಸಂ ಇರುವ ಮಕ್ಕಳ ಸಿಟ್ಟಿಗೆ ರಿಸ್ಪೆರಿಡೋನ್‌ನಂಥ ಔಷಧಿ ಕೊಡುವುದುಂಟು, ಕೆಲವರಿಗೆ ನಿಜಕ್ಕೂ ಸಹಾಯ ಆಗುತ್ತದೆ. ಆದರೆ ಅದರಿಂದ ತೂಕ ಏರಬಹುದು, ಮಂಪರು ಬರಬಹುದು. ಜಾಸ್ತಿ ಮಾಡಬೇಕಾ ಅನ್ನುವುದು ಮನೋವೈದ್ಯರ ತೀರ್ಮಾನ. ನಿಮ್ಮ ಕೆಲಸ ಅವರ ಮುಂದೆ ‘ತುಂಬಾ ಹೊಡೀತಾನೆ ಡಾಕ್ಟ್ರೇ’ ಅನ್ನುವ ಬದಲು ಎರಡು ವಾರ ತಾರೀಕು, ಹೊತ್ತು ಬರೆದಿಟ್ಟ ಪುಸ್ತಕ ಇಡುವುದು. ಹಲ್ಲು ನೋವಿಗೆ ಮಂಪರು ಔಷಧಿ ಕೊಟ್ಟರೆ ನೋವು ಹಾಗೇ ಇರುತ್ತದೆ, ತೋರಿಸಿಕೊಳ್ಳುವ ಶಕ್ತಿ ಮಾತ್ರ ಹೋಗುತ್ತದೆ.

ಗಲಾಟೆ ಮುಗಿದ ಮೇಲೆ ಬಹಳ ಕಡೆ ಒಂದು ತಪ್ಪು ಮಾಡುತ್ತಾರೆ. ಐದು ನಿಮಿಷಕ್ಕೇ ಹುಡುಗನನ್ನು ಕರೆತಂದು ‘ಆಂಟಿಗೆ ಸಾರಿ ಹೇಳು’ ಅನ್ನುತ್ತಾರೆ. ಮೈ ಒಳಗಿನ ಕಾವು ಇಳಿಯಲು ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆ ಬೇಕು. ಅಷ್ಟರೊಳಗೆ ಕೆಣಕಿದರೆ ಎರಡನೇ ಸುತ್ತು ಶುರು. ನೀರು ಕೊಡಿ, ಒಂದು ಮೂಲೆ ಕೊಡಿ, ದೂರದಿಂದ ಕಣ್ಣಿಟ್ಟಿರಿ.

ಕೊನೆಗೆ ಆ ಆಯಾ. ಅವರ ಮನೆಗೆ ನೀವೇ ಹೋಗಿ, ಸಂಬಳದ ಮಾತು ತೆಗೆಯದೆ. ಗಾಯ ಹೇಗಿದೆ ಕೇಳಿ, ಆಸ್ಪತ್ರೆ ಖರ್ಚು ಶಾಲೆಯದ್ದು ಅಂತ ಹೇಳಿ. ‘ನೀವೇನು ಮಾಡಿದಿರಿ, ಅವನು ಯಾಕೆ ಕಚ್ಚಿದ?’ ಅಂತ ಕೇಳಬೇಡಿ, ಅದು ತಪ್ಪು ಹುಡುಕಿದ ಹಾಗಾಗುತ್ತದೆ. ‘ಅವನಿಗೆ ಯಾವ ಹೊತ್ತು ಕಷ್ಟ ಅಂತ ನಿಮಗೆ ಅನ್ನಿಸುತ್ತೆ?’ ಅಂತ ಕೇಳಿ. ಬರಲ್ಲ ಅಂದರೂ ಆ ಉತ್ತರ ಬರೆದುಕೊಂಡು ಬನ್ನಿ. ಬರುತ್ತೇನೆ ಅಂದರೆ ಮೊದಲ ಎರಡು ವಾರ ಅವರೊಬ್ಬರನ್ನೇ ಅವನ ಜೊತೆ ಬಿಡಬೇಡಿ. ವಾರದ ಆ ಇಪ್ಪತ್ತು ನಿಮಿಷ ಅವರ ಡ್ಯೂಟಿ ಹೊತ್ತಲ್ಲೇ ಇರಲಿ, ಭಾನುವಾರ ಬೇಡ.